ಕೋವಿ ಬಿಟ್ಟು ಲೆನ್ಸು ಹಿಡಿದ ತೇಜಸ್ವಿ

ಚಳಿಗಾಲ ಕಳೆದು ಆಲಮಟ್ಟಿ ಹಿನ್ನೀರು ಹಿಂದೆ ಸರಿಯತೊಡಗಿತೆಂದರೆ ಬಾಗಲಕೋಟೆ ಸುತ್ತಿನ ದಂಡೆಗೆ ಎರಡು ಥರದ ಬೀಗರು ಬರುತ್ತಾರೆ. ಒಂದು ರೆಕ್ಕೆ ಇದ್ದವು, ಇನ್ನೊಂದು ಲೆನ್ಸು ಇದ್ದವರು. ರೆಕ್ಕೆಯವು ಅಂದರೆ ಕೆಂಪು ಕಾಲಿನ ರಾಜಹಂಸ, ಪಟ್ಟೆತಲೆ ಹೆಬ್ಬಾತು, ಕೊಕ್ಕರೆ, ಟಿಟ್ಟಿಭ. ಲೆನ್ಸಿನವರು ಬೆಂಗಳೂರು, ಹುಬ್ಬಳ್ಳಿ, ಪುಣೆ ಕಡೆಯವರು. ಬೆನ್ನಿಗೆ ಚೀಲ, ಕೈಯಲ್ಲಿ ಮೊಳಕೈ ಉದ್ದದ ಕರೀ ನಳಿಗೆ. ದೂರದಿಂದ ನೋಡಿದವರಿಗೆ ಕೋವಿಯೇ. ಬೇವೂರು ಬಸ್ಸಿನಲ್ಲಿ ಅಂಥದೊಂದು ನಳಿಗೆ ತೊಡೆ ಮೇಲೆ ಇಟ್ಟುಕೊಂಡು ಯಾರಾದರೂ ಕೂತರೆ ಪಕ್ಕದ ಸೀಟಿನವರು ಮೊದಲು ಕೇಳುವುದು ಅದರ ರೇಟು, ಆಮೇಲೆ ಕೇಳುವುದು ಅದರಿಂದ ಏನು ಹೊಡೀತೀರಿ ಅಂತ.

ಆ ಎರಡನೇ ಪ್ರಶ್ನೆ ನಗುವಂಥದ್ದಲ್ಲ. ಕರ್ನಾಟಕದಲ್ಲಿ ಹಕ್ಕಿ ಫೋಟೋ ಅಂದಕೂಡಲೆ ನೆನಪಾಗುವ ಒಬ್ಬ ದೊಡ್ಡ ಮನುಷ್ಯರ ಬದುಕು ಆ ಪ್ರಶ್ನೆಯ ಮೇಲೇ ನಿಂತಿತ್ತು. ಅವರ ಹೆಗಲ ಮೇಲೂ ಮೊದಲು ಇದ್ದದ್ದು ನಿಜವಾದ ಕೋವಿ. ಆಮೇಲೆ ಬಂದದ್ದು ಉದ್ದ ಲೆನ್ಸು. ಅವರೇ ಕೆ.ಪಿ. ಪೂರ್ಣಚಂದ್ರ ತೇಜಸ್ವಿ. ತೀರಿಕೊಂಡು ಹೆಚ್ಚುಕಡಿಮೆ ಎರಡು ದಶಕವಾಗುತ್ತ ಬಂತು. ಶಾಲೆ ಪುಸ್ತಕದಲ್ಲಿ ಅವರ ಪಾಠ ಓದಿದ ಹುಡುಗರು ಈಗ ಅಂಗಡಿ ಗಲ್ಲೆ ಮೇಲೆ ಕೂತಿದ್ದಾರೆ. ಕತೆಗಾರ ತೇಜಸ್ವಿ ಎಲ್ಲರಿಗೂ ಗೊತ್ತು. ಹಕ್ಕಿ ಹಿಂದೆ ಬಿದ್ದ ತೇಜಸ್ವಿ ಅಷ್ಟು ಮಂದಿಗೆ ಗೊತ್ತಿಲ್ಲ.

ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ತಂದೆ ಕುವೆಂಪು, ತಾಯಿ ಹೇಮಾವತಿ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯೂ ಆಗಿದ್ದ ತಂದೆಯ ಹಿರಿಯ ಮಗ ಅಂದ ಮೇಲೆ ದಾರಿ ಸಲೀಸು ಅಂತ ಯಾರಾದರೂ ತಿಳಿಯಬೇಕು. ಮೈಸೂರಿನ ಮಹಾರಾಜ ಕಾಲೇಜು, ಕನ್ನಡ ಎಂ.ಎ., ಮುಂದೆ ಮೇಷ್ಟ್ರ ಕೆಲಸ, ಪೆನ್ಷನ್ನು. ಆದರೆ ಈ ಆಸಾಮಿ ಎಂ.ಎ. ಮುಗಿಸಿ ಕೆಲಸದ ಅರ್ಜಿ ಹಿಡಿದು ತಿರುಗಲಿಲ್ಲ. 1960ರ ದಶಕದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಕಡೆ ಹೋಗಿ ಕಾಡಿನ ಮಗ್ಗುಲಲ್ಲಿ ಕಾಫಿ ತೋಟ ಮಾಡಿದರು. ಮೊದಲನೇ ತೋಟದ ಹೆಸರು ಚಿತ್ರಕೂಟ, ಆಮೇಲಿನದು ನಿರುತ್ತರ. ಪ್ರಶ್ನೆ ಕೇಳಿ ಬಂದವರಿಗೆ ಉತ್ತರವಿಲ್ಲ ಅಂತ ಗೇಟಿನ ಮೇಲೇ ಬರೆಸಿಟ್ಟಂತಿತ್ತು ಆ ಹೆಸರು.

1966ರಲ್ಲಿ ರಾಜೇಶ್ವರಿಯವರನ್ನು ಮದುವೆಯಾದರು. ಪುರೋಹಿತರು, ವಾದ್ಯ, ವರದಕ್ಷಿಣೆ ಯಾವುದೂ ಇಲ್ಲದ ಮಂತ್ರಮಾಂಗಲ್ಯದ ಪದ್ಧತಿಯನ್ನು ಕುವೆಂಪು ಮೊದಲು ಜಾರಿಗೆ ತಂದದ್ದು ಈ ಮದುವೆಯಲ್ಲೇ. ಇವತ್ತು ನಮ್ಮ ಕಡೆಯೂ ಅಲ್ಲೊಂದು ಇಲ್ಲೊಂದು ಮಂತ್ರಮಾಂಗಲ್ಯ ಆಗುತ್ತದಲ್ಲ, ಅದರ ಬುಡ ಅಲ್ಲಿದೆ.

ತೋಟದವರ ಮನೆಯಲ್ಲಿ ಕೋವಿ ಇರುವುದು ಮಲೆನಾಡಿನಲ್ಲಿ ದೊಡ್ಡ ಸಂಗತಿಯಲ್ಲ. ಹಂದಿ ಕಾಟ, ಮಂಗನ ಕಾಟ. ತೇಜಸ್ವಿ ಅಷ್ಟಕ್ಕೇ ನಿಂತವರಲ್ಲ, ಷಿಕಾರಿ ಹುಚ್ಚಿನವರೇ ಆಗಿದ್ದರು. ಅವರ ‘ಪರಿಸರದ ಕತೆ’ ಓದಿದವರಿಗೆ ಕಿವಿ ಎಂಬ ನಾಯಿ, ಮಾರ, ಪ್ಯಾರ ನೆನಪಿರಬೇಕು. ಆ ಪುಸ್ತಕದಲ್ಲಿ ಬೇಟೆ ಇದೆ, ಮೀನು ಗಾಳ ಇದೆ, ಕೆಸರಿದೆ, ನಗು ಇದೆ. ತಾನು ಹುಟ್ಟಿನಿಂದಲೇ ಅಹಿಂಸಾವಾದಿ ಅಂತ ಅವರು ಯಾವತ್ತೂ ಸೋಗು ಹಾಕಲಿಲ್ಲ. ಈ ಕಾರಣಕ್ಕೇ ಅವರು ಕಾಡಿನ ಬಗ್ಗೆ ಬರೆದರೆ ನಂಬಿಕೆ ಬರುತ್ತದೆ. ಹಕ್ಕಿ ಎಲ್ಲಿ ಕೂರುತ್ತದೆ, ಯಾವ ಗಳಿಗೆಗೆ ಎದ್ದು ಹಾರುತ್ತದೆ, ಹಾರಿದರೆ ಯಾವ ಕಡೆ ತಿರುಗುತ್ತದೆ, ಇದೆಲ್ಲ ಬೇಟೆಗಾರನಿಗೆ ಗೊತ್ತಿರಬೇಕಾದ ವಿದ್ಯೆ. ಕೋವಿ ಕೆಳಗಿಟ್ಟ ಮೇಲೂ ವಿದ್ಯೆ ಕೈಬಿಡಲಿಲ್ಲ, ಕ್ಯಾಮರಾಕ್ಕೆ ಅದೇ ಬಂಡವಾಳವಾಯಿತು.

ಕೋವಿಗೂ ಕ್ಯಾಮರಾಕ್ಕೂ ನಂಟು ಹಳೇದು. 1882ರಲ್ಲಿ ಎತಿಯೆನ್ ಜೂಲ್ ಮಾರೆ ಎಂಬ ಫ್ರಾನ್ಸಿನ ವಿಜ್ಞಾನಿ ಕೋವಿಯ ಆಕಾರದ್ದೇ ಒಂದು ಕ್ಯಾಮರಾ ಮಾಡಿಸಿದ್ದರು. ನಳಿಗೆಯೊಳಗೆ ಉದ್ದ ಲೆನ್ಸು, ಗುಂಡು ತುಂಬುವ ಜಾಗದಲ್ಲಿ ತಿರುಗುವ ಗಾಜಿನ ತಟ್ಟೆ. ಕುದುರೆ ಎಳೆದರೆ ಒಂದು ಸೆಕೆಂಡಿಗೆ 12 ಚಿತ್ರ. ಹಕ್ಕಿ ರೆಕ್ಕೆ ಹೇಗೆ ಬಡಿಯುತ್ತದೆ ಅಂತ ಕಂಡುಹಿಡಿಯುವುದು ಅವರ ಹಟ. ಇಟಲಿಯ ನೇಪಲ್ಸ್ ಸಮುದ್ರದ ದಂಡೆಯಲ್ಲಿ ಈ ಮನುಷ್ಯ ಹಕ್ಕಿಗೆ ಗುರಿ ಇಟ್ಟು, ಒಂದೂ ಬೀಳಿಸದೆ, ಖುಷಿಯಿಂದ ಮನೆಗೆ ಹೋಗುವುದನ್ನು ಕಂಡು ಅಲ್ಲಿನವರು ಹುಚ್ಚ ಅಂತಲೇ ತೀರ್ಮಾನಿಸಿದರಂತೆ. ಹಾರುವ ಹಕ್ಕಿಯ ಫೋಟೋದವರಿಗೆ ಆ ಬಿರುದು ಅವತ್ತಿನಿಂದ ತಪ್ಪಿಲ್ಲ.

ಹುಚ್ಚಲ್ಲದೆ ಮತ್ತೇನು ಅನಿಸುವಂತೆಯೇ ಇತ್ತು ತೇಜಸ್ವಿ ಕ್ಯಾಮರಾ ಹಿಡಿದ ಕಾಲದ ಕೆಲಸ. ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಮದುವೆ ಫೋಟೋಕ್ಕೆ 50 ಮಿಲಿಮೀಟರ್ ಲೆನ್ಸು ಸಾಕು. ಹಕ್ಕಿಗೆ 400 ಮಿಲಿಮೀಟರ್ ಬೇಕು. ಅಂದರೆ ಎಂಟು ಪಟ್ಟು ಹತ್ತಿರ ಎಳೆದು ತರುತ್ತದೆ. ಹಕ್ಕಿ ಎಂಟು ಪಟ್ಟು ದೊಡ್ಡದಾದರೆ ಕೈ ನಡುಕವೂ ಎಂಟು ಪಟ್ಟು ದೊಡ್ಡದು, ಇದು ಮೊದಲನೇ ತಾಪತ್ರಯ. ಎರಡನೇದು, ಇಂಥ ಲೆನ್ಸಿನಲ್ಲಿ ಮೂವತ್ತು ಅಡಿ ದೂರದ ಹಕ್ಕಿಯನ್ನು ಹಿಡಿದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಒಂದು ಗೇಣು. ಆ ಗೇಣಿನ ಈಚೆ ಆಚೆ ಎಲ್ಲ ಮಬ್ಬು. ಕೂತ ಹಕ್ಕಿಯಾದರೆ ನಿಧಾನಕ್ಕೆ ಲೆನ್ಸು ತಿರುಗಿಸಿ ಕಣ್ಣಿಗೆ ಹೊಂದಿಸಬಹುದು. ಹಾರುವ ಹಕ್ಕಿ ಆ ಒಂದು ಗೇಣನ್ನು ಕಣ್ಣು ಮಿಟುಕಿಸುವುದರೊಳಗೆ ದಾಟಿ ಹೋಗಿರುತ್ತದೆ. ತಾನೇ ಫೋಕಸ್ ಮಾಡಿಕೊಳ್ಳುವ ಕ್ಯಾಮರಾ ಪೇಟೆಗೆ ಸರಿಯಾಗಿ ಬಂದದ್ದೇ 1985ರ ನಂತರ. ಅಲ್ಲಿವರೆಗೆ ಎಡಗೈ ಬೆರಳೇ ಎಲ್ಲ. ಸಿತಾರ್ ಕಲಿತಿದ್ದ ತೇಜಸ್ವಿಗೆ ಬೆರಳಿನ ತಾಲೀಮು ಹೊಸದಲ್ಲ ಅನ್ನಬಹುದೇನೋ, ಆದರೆ ಸಿತಾರ್ ಹಾರಿ ಹೋಗುವುದಿಲ್ಲವಲ್ಲ.

ಮೂರನೇದು ಬೆಳಕು. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹಾರುವ ಹಕ್ಕಿ, ಅಂದರೆ ನಮ್ಮ ಹಳ್ಳಿ ರೂಟಿನ ಬಸ್ಸಿನ ವೇಗ ಅಂತಿಟ್ಟುಕೊಳ್ಳಿ, ಸೆಕೆಂಡಿನ ಸಾವಿರದ ಒಂದನೇ ಭಾಗದಲ್ಲಿ ಒಂದು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಅಷ್ಟು ಚುರುಕಾಗಿ ಪರದೆ ತೆಗೆದು ಮುಚ್ಚಿದರೆ ಮಾತ್ರ ರೆಕ್ಕೆಯ ಗರಿ ಎಣಿಸುವಂತೆ ಚಿತ್ರ ಬರುತ್ತದೆ. ಆ ಕಾಲದ ಬಣ್ಣದ ಫಿಲ್ಮು ಮಂದಗತಿಯದು. ಬಟಾಬಯಲಿನ ರಣ ಬಿಸಿಲಿನಲ್ಲಿ ಹೆಂಗೋ ಎಂಟುನೂರನೇ ಒಂದು ಸೆಕೆಂಡು ಸಿಗುತ್ತಿತ್ತು. ಮಲೆನಾಡಿನ ಮರದ ಅಡಿ ನೆರಳಿನಲ್ಲಿ ಅದೇ ಫಿಲ್ಮಿಗೆ ಇಪ್ಪತ್ತೈದನೇ ಒಂದು ಸಿಕ್ಕರೂ ದೇವರ ದಯೆ. ಇಪ್ಪತ್ತೈದನೇ ಒಂದರಲ್ಲಿ ತೆಗೆದ ಹಾರುವ ಹಕ್ಕಿ ಹಕ್ಕಿಯಾಗಿರುವುದಿಲ್ಲ, ಬಣ್ಣದ ಒಂದು ಗೀರು.

ಇಲ್ಲಿ ಬಯಲುಸೀಮೆಯವರು ಒಂದು ಮಾತು ಗಮನಿಸಬೇಕು. ಬೇವೂರು, ಬಾಗಲಕೋಟೆ ಕಡೆ ಆಕಾಶ ಪೂರ್ತಿ ತೆರೆದಿದೆ. ಹಿನ್ನೀರಿನ ಮೇಲೆ ಎದ್ದ ಹಿಂಡು ಅರ್ಧ ಮೈಲಿ ದೂರದಿಂದಲೇ ಕಾಣುತ್ತದೆ, ಬರುವ ದಿಕ್ಕು ಗೊತ್ತಾಗುತ್ತದೆ, ಬಿಸಿಲಿಗೆ ಬರವಿಲ್ಲ. ಹಾರುವ ಹಕ್ಕಿ ಹಿಡಿಯಲು ಇದಕ್ಕಿಂತ ಒಳ್ಳೆ ಸೀಮೆ ಬೇಕಿಲ್ಲ. ತೇಜಸ್ವಿ ಆರಿಸಿಕೊಂಡಿದ್ದು ಇದಕ್ಕೆ ಪೂರ್ತಿ ಉಲ್ಟಾ ಊರು. ಮೂಡಿಗೆರೆಯಲ್ಲಿ ಹಕ್ಕಿ ಒಂದು ಮರದಿಂದ ಇನ್ನೊಂದು ಮರಕ್ಕೆ ಎರಡು ಗಳಿಗೆಯಲ್ಲಿ ಮಾಯ. ಆಕಾಶ ಅಂದರೆ ಎಲೆ ಸಂದಿಯ ತೂತು. ಜೂನ್ ತಿಂಗಳು ಹಿಡಿದ ಮಳೆ ಸೆಪ್ಟೆಂಬರಿಗೂ ಬಿಡದು. ಮಲೆನಾಡಿನ ಥಂಡಿಗೆ ಲೆನ್ಸಿನ ಗಾಜಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಿಡಿಯುತ್ತದೆ. ಒಂದು ಸಲ ಹಿಡಿದರೆ ಸಾವಿರಾರು ರೂಪಾಯಿ ಲೆನ್ಸು ಪಡ್ಚ.

ಅದರ ಮೇಲೆ ಫಿಲ್ಮಿನ ಖರ್ಚು. ರೋಲಿಗೆ 36 ಚಿತ್ರ, ಮೂವತ್ತೇಳನೇ ಹಕ್ಕಿ ಚಿನ್ನದ್ದಾದರೂ ರೋಲು ಬದಲಿಸುವ ತನಕ ಕಾಯಬೇಕು, ಹಕ್ಕಿ ಕಾಯುವುದಿಲ್ಲ. ತೆಗೆದದ್ದು ಬಂದಿದೆಯೋ ಕೆಟ್ಟಿದೆಯೋ ಅವತ್ತೇ ಗೊತ್ತಾಗುವುದಿಲ್ಲ. ಬಣ್ಣದ ರೋಲು ದೊಡ್ಡ ಊರಿನ ಲ್ಯಾಬಿಗೆ ಹೋಗಿ ತೊಳೆಸಿಕೊಂಡು ಬರಬೇಕು. ಅಷ್ಟರಲ್ಲಿ ಹಕ್ಕಿ ಮರಿ ಮಾಡಿ, ಮರಿ ಹಾರಿ, ಗೂಡು ಖಾಲಿಯಾಗಿರುತ್ತದೆ. ವ್ಯಾಪಾರಸ್ಥರಿಗೆ ಲೆಕ್ಕ ಬೇಗ ತಿಳಿಯುತ್ತದೆ, ಇದು ಪೂರ್ತಿ ಲುಕ್ಸಾನಿನ ದಂಧೆ. ಕಾಫಿ ಮಾರಿದ ರೊಕ್ಕದಲ್ಲಿ ಹಕ್ಕಿ ನೆರಳು ಕೊಂಡಂತೆ.

ಹಾಗಾದರೆ ಯಾಕೆ ಮಾಡಿದರು? ಉತ್ತರ ಅವರ ಪುಸ್ತಕಗಳಲ್ಲಿದೆ. ತೇಜಸ್ವಿಗೆ ಫೋಟೋ ಗೋಡೆಗೆ ತೂಗುಹಾಕುವ ವಸ್ತು ಆಗಿರಲಿಲ್ಲ. ಬೇಟೆಗಾರ ಕೋಡು ತಂದು ಪಡಸಾಲೆಯಲ್ಲಿ ಬಡಿದಂತೆ ಫೋಟೋ ತಂದು ಬಡಿದರೆ ಕೋವಿಗೂ ಕ್ಯಾಮರಾಕ್ಕೂ ಏನು ವ್ಯತ್ಯಾಸ? ಹಕ್ಕಿ ಏನು ಮಾಡುತ್ತದೆ, ಹೇಗೆ ಬದುಕುತ್ತದೆ ಎಂಬುದನ್ನು ನೋಡಲಿಕ್ಕೆ ಲೆನ್ಸು ಒಂದು ನೆಪವಾಯಿತು. ನೋಡಿದ್ದನ್ನು ಕನ್ನಡದಲ್ಲಿ ಬರೆದರು. ‘ಮಿಂಚುಳ್ಳಿ’, ‘ಹೆಜ್ಜೆ ಮೂಡದ ಹಾದಿ’, ‘ಕನ್ನಡ ನಾಡಿನ ಹಕ್ಕಿಗಳು’, ‘ಹಕ್ಕಿ ಪುಕ್ಕ’, ‘ಮಾಯೆಯ ಮುಖಗಳು’, ಹೀಗೆ ಪುಸ್ತಕದ ಮೇಲೆ ಪುಸ್ತಕ ಬಂದವು. ಅಲ್ಲಿವರೆಗೆ ಹಕ್ಕಿ ಗುರುತು ಹಚ್ಚುವ ಪುಸ್ತಕ ಅಂದರೆ ಬಹುಪಾಲು ಇಂಗ್ಲಿಷಿನದು. ಸಲೀಂ ಅಲಿ ಅವರ ಹೆಸರಾಂತ ಪುಸ್ತಕ 1941ರಲ್ಲೇ ಬಂದಿತ್ತು, ಆದರೆ ಅದು ಇಂಗ್ಲಿಷ್ ಬಲ್ಲವರ ಕೈಗೆ. ಕಿರಾಣಿ ಅಂಗಡಿ ಹುಡುಗ, ಎಮ್ಮೆ ಕಾಯುವವನು, ಹಳ್ಳಿ ಶಾಲೆ ಮೇಷ್ಟ್ರು ದಿನಾ ಕಾಣುವ ಹಕ್ಕಿಯನ್ನು ಅವರದೇ ಮಾತಿನಲ್ಲಿ ಅವರ ಕೈಗೆ ಕೊಟ್ಟದ್ದು ತೇಜಸ್ವಿಯವರ ದೊಡ್ಡ ಕೆಲಸ. ದುಬಾರಿ ಲೆನ್ಸು ಕೊಳ್ಳಲಾಗದವರು ಸೋವಿ ಪುಸ್ತಕ ಕೊಂಡು ಅದೇ ಹಕ್ಕಿ ನೋಡಿದರು.

‘ಮಾಯೆಯ ಮುಖಗಳು’ ಎಂಬ ಹೆಸರನ್ನೇ ನೋಡಿ. ಇಷ್ಟು ಕಷ್ಟಪಟ್ಟು ಹಿಡಿದ ಮೇಲೂ ಹಿಡಿದದ್ದು ಮಾಯೆಯ ಒಂದು ಮುಖ ಅಷ್ಟೇ ಅಂತ ಒಪ್ಪಿಕೊಂಡ ಹೆಸರು ಅದು.

ಈ ಹಿಡಿಯುವ ಮತ್ತು ತಪ್ಪಿಸಿಕೊಳ್ಳುವ ಆಟವೇ ಅವರ ‘ಕರ್ವಾಲೊ’ ಕಾದಂಬರಿಯ ಜೀವಾಳ. 1980ರಲ್ಲಿ ಬಂದ ಈ ಪುಸ್ತಕ ಓದದವರಿಗೆ ಎರಡು ಮಾತಿನಲ್ಲಿ ಕತೆ ಇಷ್ಟು. ಮೂಡಿಗೆರೆಯಲ್ಲಿ ಕರ್ವಾಲೊ ಎಂಬ ವಿಜ್ಞಾನಿ ಇದ್ದಾರೆ. ಕಾಡಿನಲ್ಲಿ ಹಾರುವ ಓತಿಯೊಂದಿದೆ, ಕೋಟ್ಯಂತರ ವರ್ಷದ ಹಿಂದಿನ ಜೀವಿ ಅದು ಅಂತ ಅವರ ಲೆಕ್ಕ. ಅದನ್ನು ಕಣ್ಣಾರೆ ಕಂಡವನು ಊರವರೆಲ್ಲ ದಡ್ಡ ಅಂತ ಕಡೆಗಣಿಸಿದ ಜೇನು ಹಿಡಿಯುವ ಮಂದಣ್ಣ. ಬಿರಿಯಾನಿ ಕರಿಯಪ್ಪ, ಕಿವಿ ನಾಯಿ, ಫೋಟೋ ತೆಗೆಯುವ ಪ್ರಭಾಕರ, ಕತೆ ಹೇಳುವ ತೋಟದ ಯಜಮಾನ ಎಲ್ಲ ಸೇರಿ ಕಾಡಿಗೆ ಹೋಗುತ್ತಾರೆ. ಓತಿ ಸಿಗುತ್ತದೆ. ಸಿಕ್ಕಿತು ಅನ್ನುವುದರೊಳಗೆ ಪಕ್ಕೆಯ ರೆಕ್ಕೆ ಬಿಚ್ಚಿ, ಆಳದ ಕಣಿವೆ ಕಡೆ ತೇಲಿ ಹೋಗಿಬಿಡುತ್ತದೆ. ವಿಜ್ಞಾನಿ ಕೈ, ಬೇಟೆಗಾರನ ಕೈ, ಕ್ಯಾಮರಾದ ಕಣ್ಣು, ಎಲ್ಲ ಅಲ್ಲೇ ನಿಲ್ಲುತ್ತವೆ. ಅಡಿಕೆ ತೋಟದವರು ಈ ಓತಿಯನ್ನು ದಿನನಿತ್ಯ ಕಾಣುತ್ತಾರೆ, ಅಂಥ ಅಪರೂಪದ್ದೇನಲ್ಲ ಅನ್ನುವ ತಕರಾರು ಉಂಟು. ತಕರಾರು ನಿಜವೇ. ಆದರೂ ಆ ಕೊನೆ ಪುಟ ಓದಿದವನು ಹಾರುವ ಯಾವುದನ್ನೇ ಆಗಲಿ ಮತ್ತೆ ಮೊದಲಿನಂತೆ ನೋಡುವುದಿಲ್ಲ. ಲೆನ್ಸು ಹಿಡಿದು ಎಷ್ಟೋ ಸಲ ಹಕ್ಕಿ ತಪ್ಪಿಸಿಕೊಂಡವನಲ್ಲದೆ ಬೇರೆಯವರು ಅಂಥ ಪುಟ ಬರೆಯುವುದು ಕಷ್ಟ.

ಕೋವಿಯಿಂದ ಕ್ಯಾಮರಾಕ್ಕೆ ಬಂದ ದೊಡ್ಡವರು ಇನ್ನೂ ಇದ್ದಾರೆ. ನರಭಕ್ಷಕ ಹುಲಿ ಹೊಡೆದು ಹೆಸರಾದ ಜಿಮ್ ಕಾರ್ಬೆಟ್ ಬರಬರುತ್ತ ಕೋವಿ ಕಡಿಮೆ ಮಾಡಿ ಹುಲಿಗಳ ಸಿನಿಮಾ ತೆಗೆಯುವುದಕ್ಕೆ ಕೂತರು. ಅದೇ ಕಾರ್ಬೆಟ್ಟರ ರುದ್ರಪ್ರಯಾಗದ ನರಭಕ್ಷಕನ ಕತೆಯನ್ನೂ, ಕೆನೆತ್ ಆಂಡರ್ಸನ್ನರ ಕಾಡಿನ ಕತೆಗಳನ್ನೂ ಕನ್ನಡಕ್ಕೆ ತಂದವರು ತೇಜಸ್ವಿ. ಬಸ್ಸಿನಲ್ಲಿ ಓದಲು ಅದಕ್ಕಿಂತ ಒಳ್ಳೆ ಸರಕಿಲ್ಲ, ಇಳಿಯುವ ಸ್ಟಾಪು ಮರೆತರೆ ಮಾತ್ರ ಕಂಡಕ್ಟರನ್ನು ಬೈಯಬಾರದು. ನಮ್ಮ ಪಕ್ಕದ ಸಂಡೂರಿನಲ್ಲಿ ರಾಜಮನೆತನದ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಅವರೂ ಕಾಡುಪ್ರಾಣಿ ಫೋಟೋಕ್ಕೆ ಹೆಸರಾಗಿ 1983ರಲ್ಲಿ ಪುಸ್ತಕ ತಂದರು. ಅವರು 2011ರಲ್ಲಿ ತೀರಿಕೊಂಡರು. ದೊಡ್ಡ ಮನೆಯವರ ಹವ್ಯಾಸ ಅಂತ ಇದನ್ನು ತಳ್ಳಿಹಾಕುವವರಿದ್ದಾರೆ. ಖರ್ಚು ನೋಡಿದರೆ ಮಾತು ಸುಳ್ಳಲ್ಲ. ಆದರೆ ದೊಡ್ಡ ಮನೆಯವರ ಹಳೇ ಹವ್ಯಾಸ ಪ್ರಾಣಿ ಕೊಲ್ಲುವುದಾಗಿತ್ತು, ಅದನ್ನೂ ಮರೆಯಬಾರದು.

ಮಿಕ್ಕ ಬದುಕನ್ನು ಬೇಗ ಹೇಳಿ ಮುಗಿಸಬಹುದು, ಎಲ್ಲರಿಗೂ ಗೊತ್ತಿದ್ದದ್ದೇ. 1973ರ ‘ಅಬಚೂರಿನ ಪೋಸ್ಟಾಫೀಸು’ ಕತೆಗಳು, ಅದೇ ಹೆಸರಿನ ಸಿನಿಮಾ. ‘ತಬರನ ಕಥೆ’ಯ ಪೆನ್ಷನ್ ಗೋಳು ಗಿರೀಶ್ ಕಾಸರವಳ್ಳಿ ಕೈಯಲ್ಲಿ ಸಿನಿಮಾ ಆಗಿ ಚಾರುಹಾಸನ್ನರಿಗೆ ರಾಷ್ಟ್ರಪ್ರಶಸ್ತಿ ತಂದಿತು. ‘ಚಿದಂಬರ ರಹಸ್ಯ’ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಲೋಹಿಯಾ ವಿಚಾರದ ಗೆಳೆಯರು, ರೈತ ಸಂಘದ ಒಡನಾಟ. ‘ಅಣ್ಣನ ನೆನಪು’ ಬರೆದು ಕುವೆಂಪು ಅವರನ್ನು ಮನೆಯೊಳಗಿನ ಅಪ್ಪನಾಗಿ ತೋರಿಸಿದರು. ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಕೂರಬೇಕು ಅಂತ ಸರಕಾರದ ಬೆನ್ನು ಹತ್ತಿದವರಲ್ಲೂ ಅವರು ಮುಂದೆ. ಕೊನೆ ವರ್ಷಗಳಲ್ಲಿ ಕಂಪ್ಯೂಟರು ಅವರಿಗೆ ಹೊಸ ಆಟಿಕೆಯೇ ಆಗಿತ್ತು. ಡಿಜಿಟಲ್ ಕ್ಯಾಮರಾ ನಮ್ಮ ಪೇಟೆಗೆ ಇಳಿಯುತ್ತಿದ್ದ ಹೊತ್ತು ಅದು. ಮೂವತ್ತಾರರ ಲೆಕ್ಕ ಹೋಯಿತು, ಲ್ಯಾಬು ಹೋಯಿತು, ತೆಗೆದದ್ದು ತಕ್ಷಣ ಕಂಡಿತು.

ಈ ಸಲೀಸೇ ಈಗ ತಲೆನೋವು ತಂದಿರುವುದು. ಸೆಕೆಂಡಿಗೆ ಇಪ್ಪತ್ತು ಚಿತ್ರ ಹೊಡೆಯುವ, ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಕ್ಯಾಮರಾ ಇವತ್ತು ರೊಕ್ಕ ಇದ್ದವರಿಗೆಲ್ಲ ಸಿಗುತ್ತದೆ. ಕೂತ ಹಕ್ಕಿಯ ಚಿತ್ರ ಯಾರಿಗೂ ಬೇಡ, ಹಾರುವುದೇ ಬೇಕು. ಹಕ್ಕಿ ತಾನಾಗಿ ಏಳುವ ತನಕ ಕಾಯುವ ತಾಳ್ಮೆ ಮಾತ್ರ ಲೆನ್ಸಿನ ಜೊತೆ ಡಬ್ಬಿಯಲ್ಲಿ ಬರುವುದಿಲ್ಲ. ಹೀಗಾಗಿ ಕೆಲವರು ಚಪ್ಪಾಳೆ ತಟ್ಟುತ್ತಾರೆ, ಕಲ್ಲು ಬೀರುತ್ತಾರೆ, ಡ್ರೋನು ಬಿಡುತ್ತಾರೆ. ಹಿಂಡು ಗಾಬರಿಯಿಂದ ಏಳುತ್ತದೆ, ಫೋಟೋ ಭರ್ಜರಿ ಬರುತ್ತದೆ. ಹಕ್ಕಿಯ ಕಡೆಯಿಂದ ಲೆಕ್ಕ ಹಾಕಿದರೆ ಅದು ಬರೀ ಲುಕ್ಸಾನು. ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಇಲ್ಲಿಗೆ ಬಂದದ್ದು, ಬೇಸಿಗೆಗೆ ಮುಂಚೆ ಮತ್ತೆ ಹಿಮಾಲಯ ದಾಟಿ ಹೋಗಬೇಕು. ಹಗಲು ನೀರಿನಲ್ಲಿ ದಣಿವಾರಿಸಿಕೊಂಡು, ಸಂಜೆ ಮೇಲೆ ಹೊಲಕ್ಕೆ ಇಳಿದು ಮೇಯುವುದು ಅದರ ಪದ್ಧತಿ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಇದನ್ನು ಊರವರೇ ದಿನಾ ನೋಡುತ್ತಾರೆ, ಆ ಕೆರೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಜಾಗವೂ ಸಿಕ್ಕಿತು. ದಣಿವಾರಿಸಿಕೊಳ್ಳುವ ಹಕ್ಕಿಯನ್ನು ಒಂದು ಹಗಲಿಗೆ ಹತ್ತು ಸಲ ಎಬ್ಬಿಸಿದರೆ ಅದು ದಾರಿಖರ್ಚಿಗೆ ಇಟ್ಟುಕೊಂಡ ಕೊಬ್ಬನ್ನು ಇಲ್ಲೇ ಸುಟ್ಟುಕೊಳ್ಳುತ್ತದೆ. ಗುಂಡಿಲ್ಲದೆ ಹೊಡೆದಂತೆಯೇ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುವ ಆ ಪ್ರಶ್ನೆ ಇಲ್ಲಿ ಸರಿಯಾಗಿ ನಾಟುತ್ತದೆ.

ತೇಜಸ್ವಿ ಕಾಲದ ಮಂದವಾದ ಫಿಲ್ಮು, ನಿಧಾನದ ಲೆನ್ಸು ಮನುಷ್ಯನನ್ನೂ ನಿಧಾನ ಮಾಡುತ್ತಿದ್ದವು. ದಿನಗಟ್ಟಲೆ ಒಂದೇ ಜಾಗದಲ್ಲಿ ಕೂತು ಹಕ್ಕಿಯ ಹೋಗುಬರುವ ಹಾದಿ ತಿಳಿದುಕೊಂಡು, ಆ ಹಾದಿಗೆ ಮೊದಲೇ ಲೆನ್ಸು ಹೊಂದಿಸಿಟ್ಟು ಕಾಯುವುದು ಬಿಟ್ಟರೆ ಬೇರೆ ಉಪಾಯವೇ ಇರಲಿಲ್ಲ. ಮಿಂಚುಳ್ಳಿ ದಿನಾ ಅದೇ ಕೊಂಬೆಗೆ ಬಂದು ಕೂರುತ್ತದೆ, ಅದೇ ಕೊಂಬೆಯಿಂದ ನೀರಿಗೆ ಧುಮುಕುತ್ತದೆ. ಅದನ್ನು ಅರಿತವನಿಗೆ ಕಲ್ಲು ಬೇಕಾಗುವುದಿಲ್ಲ. ಹಳೇ ಫೋಟೋದವರೆಲ್ಲ ಸಾಧುಗಳು ಅಂತ ಇದರ ಅರ್ಥವಲ್ಲ. ಗೂಡಿನ ಹತ್ತಿರ ಮರೆ ಕಟ್ಟಿ ಕೂತು, ಹಕ್ಕಿ ಹೆದರಿ ಗೂಡು ಬಿಟ್ಟು ಹೋಗುವಂತೆ ಮಾಡಿದವರು ಆ ಕಾಲದಲ್ಲೂ ಇದ್ದರು. ಅದಕ್ಕೇ ಈಗ ಗೂಡಿನ ಫೋಟೋ ಬೇಡ ಅನ್ನುವವರು ಹೆಚ್ಚಾಗಿದ್ದಾರೆ.

2007ರ ಏಪ್ರಿಲ್ 5ರಂದು ಮೂಡಿಗೆರೆಯ ನಿರುತ್ತರದಲ್ಲೇ ತೇಜಸ್ವಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 68. ಕಾಯಿಲೆ, ಆಸ್ಪತ್ರೆ ಅಂತ ಯಾರನ್ನೂ ಅಲೆಸಲಿಲ್ಲ. ರಾಜೇಶ್ವರಿಯವರು ‘ನನ್ನ ತೇಜಸ್ವಿ’ ಅಂತ ದಪ್ಪದೊಂದು ಪುಸ್ತಕ ಬರೆದು, ಆ ಮನೆ ಆ ತೋಟ ಆ ಹುಚ್ಚುಗಳನ್ನೆಲ್ಲ ದಾಖಲು ಮಾಡಿದರು. 2021ರ ಡಿಸೆಂಬರಿನಲ್ಲಿ ಅವರ ಕಾಲವೂ ಮುಗಿಯಿತು.

ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದಲ್ಲಿ ತೇಜಸ್ವಿ ಹೆಸರಿನ ಪ್ರತಿಷ್ಠಾನವಿದೆ. ಚಾರ್ಮಾಡಿ ಘಾಟು ಇಳಿದು ಧರ್ಮಸ್ಥಳಕ್ಕೆ ಹೋಗುವವರು ಆ ಊರು ದಾಟಿಯೇ ಹೋಗಬೇಕು. ಅಲ್ಲಿ ಇಳಿದವರಿಗೆ ನೀರುದೋಸೆಯೂ ಸಿಗುತ್ತದೆ, ಹಕ್ಕಿಯೂ ಕಾಣುತ್ತದೆ.